ದೀರ್ಘಕ್ಕೆ ಸಾಲದ ಬಟ್ಟೆ

ಕಂಡಕ್ಟರು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಕೂಗಿದ: "ಅಕ್ಕಾ, ಭಾನುವಾರ ಒಳ್ಳೆ ಬಟ್ಟೆ ಹಾಕ್ಕೊಂಡು ಬಾ. ಊರಿಗೆಲ್ಲಾ ಹೊಸದು ಹೊಲ್ಕೊಟ್ಟು ನೀನು ಮಾತ್ರ ಹಳೇದ್ರಲ್ಲೇ ಇರ್ತೀಯ."

ಟೈಲರಕ್ಕ ಮಷೀನು ತುಳಿಯುವುದನ್ನು ನಿಲ್ಲಿಸಲಿಲ್ಲ. ಯಾರದೋ ಪ್ಯಾಂಟಿನ ಅಂಚು ಸೂಜಿಯ ಕೆಳಗೆ ಓಡುತ್ತಿತ್ತು. "ಯಾಕೋ, ನಿನಗೆ ಹೆಣ್ಣು ನೋಡೋಕಾ?"

"ನನಗೆಲ್ಲಿ ಹೆಣ್ಣು ಬಿಡು. ಮುಂದೆ ಹೋಗಿ, ಮುಂದೆ ಹೋಗಿ ಅಂತ ಬಸ್ಸಲ್ಲಿ ಕೂಗಿ ಕೂಗಿ, ಎಲ್ಲಾರೂ ನನ್ನ ದಾಟ್ಕೊಂಡು ಮುಂದೆ ಹೋಗ್ಬಿಟ್ರು." ಅವನು ಬಟ್ಟೆಯ ಗಂಟನ್ನು ಸರಿಸಿ ಸ್ಟೂಲಿನ ಮೇಲೆ ಕೂತ. "ಭಾನುವಾರ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಸಾಹೇಬರಿಗೆ ಕಡೇ ಮ್ಯಾಚು. ಆಟಕ್ಕೆ ಮುಂಚೆ ಮೈದಾನದ ಮಧ್ಯಕ್ಕೆ ಕರೆದು, ಸ್ಟ್ಯಾಂಡಲ್ಲಿ ಕೂತು ಆಟ ನೋಡೋ ನಮ್ಮೆಲ್ಲರ ಪರವಾಗಿ ನೀನು ಹೊಲಿದ ಆ ಹಳೇ ಬ್ಯಾನರ್ ಕೊಡೋದು ಅಂತ ಆಗಿದೆ. ಕೊಡೋದು ನೀನು. ಅವರನ್ನ ಸಾಕಪ್ಪ ಅಂತ ಮೊದಲು ಕರೆದೋಳು ನೀನಲ್ವಾ? ನಾವೆಲ್ಲಾ ಬಾಯಿಗೆ ಬಂದಂಗೆ ಬೈತಿದ್ದಾಗ, ನೀನೊಬ್ಳೇ ಕಣಕ್ಕಾ ಕಣ್ಣಿದ್ದೋಳು."

ದಾರ ತುಂಡಾಯಿತು. ಟೈಲರಕ್ಕ ಮತ್ತೆ ಪೋಣಿಸಲು ನೋಡಿದಳು. ಪ್ರತಿದಿನ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಇಂದು ದಾರ ಸೂಜಿಯ ಕಣ್ಣಿನ ಅಕ್ಕಪಕ್ಕವೇ ಸುಳಿದಾಡಿತು.

"ನನಗೆ ಮಂಡಿ ನೋವು ಕಣೋ. ಬೇರೆ ಯಾರಿಗಾದ್ರೂ ಹೇಳು."

"ಎತ್ಕೊಂಡು ಹೋಗ್ತೀವಿ ಬಿಡು" ಅಂದ ಕಂಡಕ್ಟರು, ಮಾತು ಮುಗಿಯಿತು ಎಂಬಂತೆ ಎದ್ದು ಹೋದ.

ಅವನಿಗೆ ಮರೆತಿತ್ತು. ಸ್ಟ್ಯಾಂಡಿಗೆಲ್ಲ ಮರೆತಿತ್ತು. ಹೊಲಿದ ಕೈ ಮಾತ್ರ ಮರೆತಿರಲಿಲ್ಲ.

ಟೈಲರಕ್ಕನಿಗೆ ಚಿಕ್ಕ ವಯಸ್ಸಿಗೇ ಎರಡು ವಸ್ತು ಬಳುವಳಿಯಾಗಿ ಬಂದಿದ್ದವು: ಅಮ್ಮನ ಹೊಲಿಗೆ ಮಷೀನು, ಮೈದಾನದ ತಗಡಿನ ಚಾವಣಿಯ ಸ್ಟ್ಯಾಂಡಿನಲ್ಲಿ ಅಪ್ಪ ಕೂರುತ್ತಿದ್ದ ಜಾಗ. ಜೊತೆಗೆ ಒಬ್ಬ ತಮ್ಮ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಮಷೀನಿನ ಸದ್ದಿಗೇ ಅವನು ನಿದ್ದೆ ಹೋಗುತ್ತಿದ್ದ, ಸದ್ದು ನಿಂತರೆ ಎಚ್ಚರಗೊಳ್ಳುತ್ತಿದ್ದ. ಆ ಹುಡುಗ ಬೆಳೆದು ಊರಿನ ಕ್ಲಬ್ಬಿನ ಗೋಲ್‌ಕೀಪರ್ ಆದಾಗ ಅವಳು ಅಂಗಡಿಗೆ ಬಂದವರಿಗೆಲ್ಲ ಗುಂಡಿಗಳನ್ನು ಪುಕ್ಕಟೆ ಹೊಲಿದುಕೊಟ್ಟಿದ್ದಳು.

ಆ ಕಾಲಕ್ಕೇ ಹೊಸ ಮ್ಯಾನೇಜರ್ ಬಂದದ್ದು. ಉದ್ದ ಕೋಟಿನ, ಮಾತು ಕಡಿಮೆಯ ಮನುಷ್ಯ. ತಂಡ ಸೋಲತೊಡಗಿತು. ಅವನದೊಂದು ಪದ್ಧತಿಯಿತ್ತು: ಆಟ ಕೆಟ್ಟ ಹುಡುಗನನ್ನು ಬದಲಿ ಆಟಗಾರರ ಬೆಂಚಿನಲ್ಲೂ ಕೂರಿಸದೆ, ಸಾದಾ ಅಂಗಿ ಹಾಕಿಸಿ, ಜನರ ನಡುವೆ ಸ್ಟ್ಯಾಂಡಿಗೆ ಕಳಿಸುತ್ತಿದ್ದ. "ಅಲ್ಲಿ ಕೂತು ನೋಡು. ಆಟ ಅಲ್ಲಿಂದ ಚೆನ್ನಾಗಿ ಕಾಣುತ್ತೆ" ಎನ್ನುತ್ತಿದ್ದ.

ಒಂದು ದಿನ ತಮ್ಮನೂ ಹಾಗೆ ಅಕ್ಕನ ಪಕ್ಕ ಬಂದು ಕೂತ. ಹಿಂದಿನ ಸಾಲಿನವರು "ಏನಯ್ಯಾ, ಟಿಕೆಟ್ ತಗೊಂಡ್ಯಾ?" ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಂಡಕ್ಟರು. ತಮ್ಮ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡ. ನಾನು ಸಾಕಿದ ಹುಡುಗನನ್ನು ನಾಲ್ಕು ಜನರ ಮುಂದೆ ಹೀಗೆ ಕೂರಿಸುವುದೇ ಎಂದು ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಆ ವಾರ ಅವಳು ಒಂದು ಬಿಳಿ ಹಾಸುವಸ್ತ್ರದ ಮೇಲೆ ಕೆಂಪು ಅಕ್ಷರಗಳನ್ನು ಕತ್ತರಿಸಿ ಕೂರಿಸಿದಳು. ಬರೆಯಬೇಕೆಂದಿದ್ದದ್ದು 'ಸಾಕಪ್ಪಾ!' ಎಂದು. ನಿನ್ನ ಸಹವಾಸ ಸಾಕಪ್ಪಾ, ಹೊರಡು ಎಂದು. ಆದರೆ ಕೊನೆಯ ಅಕ್ಷರದ ದೀರ್ಘಕ್ಕೆ ಬರುವಾಗ ಕೆಂಪು ಬಟ್ಟೆ ಮುಗಿದಿತ್ತು. ಹೇಗೂ ಓದುವವರಿಗೆ ತಿಳಿಯುತ್ತದೆ ಎಂದು ದೀರ್ಘವನ್ನು ಬಿಟ್ಟಳು. ಹಳೆಯ ಪರದೆಯ ಚೂರಿನಿಂದ ಉದ್ಗಾರ ಚಿಹ್ನೆಯೊಂದನ್ನು ಅಂಟಿಸಿ, ಮೇಲೆ ಅವಸರದಲ್ಲಿ ನಾಲ್ಕು ಹೊಲಿಗೆ ಹಾಕಿದಳು.

"ಬೇಡ ಅಕ್ಕಾ" ಅಂದ ತಮ್ಮ. "ಅವರು ಹೇಳೋದು ನಿಜ. ಅಲ್ಲಿಂದ ಆಟ ಬೇರೆ ಥರಾನೇ ಕಾಣುತ್ತೆ."

"ನೀನು ಸುಮ್ನಿರು. ನಿನಗೆ ಅವಮಾನ ಅಂದ್ರೇನು ಅಂತಾನೂ ಗೊತ್ತಾಗಲ್ಲ."

ಆ ಭಾನುವಾರ ಗಾಳಿ ಜೋರಾಗಿತ್ತು. ತಮ್ಮ ಹಟ ಹಿಡಿದು ಬೇರೆ ಕಡೆ ಕೂತಿದ್ದ. ಬ್ಯಾನರಿನ ಎರಡೂ ತುದಿ ಒಬ್ಬಳ ಕೈಗೆ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದ ಅಪರಿಚಿತ ಅಜ್ಜಿಯೊಬ್ಬಳು, ಕೇಳದೆಯೇ ಎಡತುದಿಯನ್ನು ಹಿಡಿದುಕೊಂಡಳು.

"ನನಗೆ ಓದೋಕೆ ಬರಲ್ಲ. ಏನು ಬರೆದಿದ್ದೀಯಮ್ಮಾ?"

"ಸಾಕಪ್ಪ ಅಂತ ಅಜ್ಜಿ. ಅಗೋ, ಆ ಉದ್ದ ಕೋಟಿನವನಿಗೆ. ನಿನ್ನ ಮುಖ ನೋಡಿ ನೋಡಿ ಸಾಕಾಯ್ತು, ಮನೆಗೆ ಹೋಗು ಅಂತ. ಹೆತ್ತೋರಿಗೆ ಹೆಗ್ಗಣ ಮುದ್ದಂತೆ. ಊರವರಿಗೇನು ಬಂತು?"

ಅಜ್ಜಿ ಮೈದಾನದ ಕಡೆ ನೋಡಿದಳು. "ಹೌದು ತಾಯಿ. ಹೆತ್ತೋರಿಗೆ ಹೆಗ್ಗಣಾನೂ ಮುದ್ದೇ" ಅಂದಳು. ತುದಿಯನ್ನು ಮಾತ್ರ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕೈ ಸೋತಂಗಿದೆ ನಿಂದು. ಊಟ ಮಾಡಿದ್ಯಾ ಮಗಳೇ?" ಎಂದು ಕೇಳಿದಳು. ಇಡೀ ಸ್ಟ್ಯಾಂಡು ಬ್ಯಾನರು ನೋಡಿ "ಸಾಕಪ್ಪಾ, ಸಾಕು!" ಎಂದು ಕುಣಿಯುತ್ತಿದ್ದಾಗ ಉತ್ತರ ಹೇಳುವ ಪುರುಸೊತ್ತು ಟೈಲರಕ್ಕನಿಗೆ ಇರಲಿಲ್ಲ. ಕೆಳಗೆ ಮ್ಯಾನೇಜರ್ ಒಮ್ಮೆ ತಿರುಗಿ ಬ್ಯಾನರು ನೋಡಿದ, ಮತ್ತೆ ಆಟದ ಕಡೆ ತಿರುಗಿದ.

ಅವನು ಮನೆಗೆ ಹೋಗಲಿಲ್ಲ. ಹೆಸರಿದ್ದ ಆಟಗಾರರು ಒಬ್ಬೊಬ್ಬರಾಗಿ ಕ್ಲಬ್ಬು ಬಿಟ್ಟರು, ಅವನು ಉಳಿದ. ದಿಕ್ಕಿಲ್ಲದ ಗಲ್ಲಿಯ ಹುಡುಗರನ್ನು ಕರೆತಂದು, ಉಣ್ಣಿಸಿ, ಶಾಲೆಗೆ ಅಟ್ಟಿ, ಸಂಜೆ ಆಡಿಸಿದ. ಟೈಲರಕ್ಕನ ತಮ್ಮ ಸ್ಟ್ಯಾಂಡಿನಿಂದ ಇಳಿದು ಮತ್ತೆ ಗೋಲಿನ ಮುಂದೆ ನಿಂತ. ಚೆಂಡು ಎಲ್ಲಿಗೆ ಬರುತ್ತದೆಂದು ಈಗ ಮೊದಲೇ ತಿಳಿದವನಂತೆ ನಿಲ್ಲುತ್ತಿದ್ದ.

ಜನ ಒಂದೇ ದಿನದಲ್ಲಿ ಬದಲಾಗಲಿಲ್ಲ. ಮೊದಲು ಬೈಗುಳದ ಕೊನೆಗೆ ಒಂದು 'ಪಾಪ' ಸೇರಿಕೊಂಡಿತು. ಆಮೇಲೆ ಸೋತ ದಿನ ರೆಫರಿಯನ್ನು ಬೈದರು. ಯಾವಾಗಲೋ 'ಅವನು' ಹೋಗಿ 'ಅವರು' ಬಂತು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ತಂಡ ಕಪ್ ಗೆದ್ದ ವರ್ಷ ಯಾರೋ ಹಳೆಯ ಬ್ಯಾನರನ್ನು ಹುಡುಕಿ ಕಂಬಿಗೆ ಕಟ್ಟಿದರು. ಉದ್ಗಾರ ಚಿಹ್ನೆ ಅಷ್ಟರಲ್ಲಿ ಕಿತ್ತು ಹೋಗಿತ್ತು. ಉಳಿದದ್ದು 'ಸಾಕಪ್ಪ'. ರೇಡಿಯೋದಲ್ಲಿ ವೀಕ್ಷಕ ವಿವರಣೆ ಹೇಳುತ್ತಿದ್ದವನು ಅದನ್ನು ಓದಿ, "ಆಹಾ, ಎಂಥ ಮಾತು! ಸಾಕಿದ ಅಪ್ಪ, ಸಾಕಪ್ಪ!" ಅಂದುಬಿಟ್ಟ. ಅಲ್ಲಿಂದ ಊರಿಗೆಲ್ಲ ಅವರು ಸಾಕಪ್ಪ. ಹೊಲಿದವಳು ಯಾರೆಂದು ಕೇಳಿದಾಗ ಎಲ್ಲರೂ ಟೈಲರಕ್ಕನ ಕಡೆ ಬೆರಳು ತೋರಿದರು. ಅಂದು ಅವಳು ಬಾಯಿ ಬಿಡಲಿಲ್ಲ. ಆಮೇಲೆ ಬಿಡುವುದು ದಿನದಿಂದ ದಿನಕ್ಕೆ ಕಷ್ಟವಾಯಿತು.

ಶನಿವಾರ ಮಧ್ಯಾಹ್ನ ಅವಳು ಬ್ಯಾನರನ್ನು ತೊಳೆದು, ಇಸ್ತ್ರಿ ಮಾಡಿ, ಮಡಿಸಿಕೊಂಡು ಸ್ಟ್ಯಾಂಡಿನ ಕೆಳಗಿದ್ದ ಮ್ಯಾನೇಜರರ ಕೋಣೆಗೆ ಹೋದಳು. ಅವರು ಹಳೆಯ ಬೂಟುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಉದ್ದ ಕೋಟು ಬಾಗಿಲ ಹಿಂದೆ ತೂಗುತ್ತಿತ್ತು.

"ಸಾರ್, ಇದನ್ನ ನಾಳೆ ನಾನು ಕೊಡಬಾರದು."

"ಯಾಕಮ್ಮ, ಒಗೆದಿಲ್ವಾ?"

ಅವಳಿಗೆ ನಗು ಬರಲಿಲ್ಲ. ಮೇಜಿನ ಮೇಲೆ ಬ್ಯಾನರು ಬಿಡಿಸಿ ಕೊನೆಯ ಅಕ್ಷರದ ಪಕ್ಕ ಬೆರಳಿಟ್ಟಳು. "ಇಲ್ಲೊಂದು ದೀರ್ಘ ಇರಬೇಕಿತ್ತು ಸಾರ್. ಬಟ್ಟೆ ಸಾಲಲಿಲ್ಲ. ಒಳ್ಳೆ ಮನಸ್ಸಿಂದ ಹೊಲಿದದ್ದಲ್ಲ ಇದು."

ಮ್ಯಾನೇಜರು ಕುರ್ಚಿ ಎಳೆದು ಕೂತರು. "ಗೊತ್ತಮ್ಮ. ಗೋಲು ತಿಂದು ನಿಂತವನಿಗೆ ದೀರ್ಘ ಹಾಕದಿದ್ರೂ ಕೇಳಿಸುತ್ತೆ."

"ನೋವಾಯ್ತಾ ಸಾರ್?"

"ಆಗದೆ ಇರುತ್ತಾ? ಬಿಟ್ಟುಬಿಡೋಣ ಅಂತಾನೇ ಆವತ್ತು ಮನೆಗೆ ಹೋದೆ. ನೋಡಿದ್ರೆ, ನಮ್ಮಮ್ಮ ನನಗೂ ಹೇಳದೆ ಮ್ಯಾಚಿಗೆ ಬಂದಿದ್ದಾಳೆ. ಅಕ್ಷರ ಬರ್ತಿರಲಿಲ್ಲ ಅವಳಿಗೆ. ಕೊಡೆ ಕೆಳಗಿಡೋಕೂ ಮುಂಚೆ ಶುರು ಮಾಡಿದ್ಲು: 'ಯಾರೋ ಹುಡುಗಿ ಕಣೋ, ಸಾಕಪ್ಪ ಅಂತ ಬಟ್ಟೆ ಮೇಲೆ ಹೊಲಿದು ತಂದಿದ್ಲು. ಟೀಮಿನ ಹುಡುಗರನ್ನ ನೀನು ಮಕ್ಕಳ ಥರ ಸಾಕ್ತೀಯ ಅಂತ ಜನಕ್ಕೂ ತಿಳೀತಲ್ಲ. ಪಾಪ, ಅವಳ ಕೈ ಸೋತಿತ್ತು. ನಾನೂ ಒಂದು ತುದಿ ಹಿಡ್ಕೊಂಡೆ' ಅಂದ್ಲು." ಅವರು ಕೆಂಪು ಅಕ್ಷರವನ್ನು ಅಂಗೈಯಿಂದ ಸವರಿದರು. "ಅವಳ ಮುಖ ನೋಡಿ ಇನ್ನೇನು ಹೇಳಲಿ? ಮಾರನೇ ದಿನ ಮತ್ತೆ ಮೈದಾನಕ್ಕೆ ಬಂದೆ. ಸಾಯೋವರೆಗೂ ಹಾಗೇ ನಂಬಿದ್ಲು. ನಿಜ ಗೊತ್ತಾಗಿದ್ರೆ ತಡ್ಕೊಳ್ತಿರಲಿಲ್ಲ."

ಟೈಲರಕ್ಕನ ಕಿವಿ ಬಿಸಿಯಾಯಿತು. ಹೆಗ್ಗಣ ಎಂದಿದ್ದಳು. ಹೆತ್ತವಳ ಮುಖಕ್ಕೇ ಎಂದಿದ್ದಳು. ಆ ಅಜ್ಜಿಗೆ ಎಲ್ಲ ಗೊತ್ತಿತ್ತು. ಗೊತ್ತಾದ ಮೇಲೂ ತುದಿ ಹಿಡಿದೇ ನಿಂತಿದ್ದಳು, ಮನೆಗೆ ಹೋಗುವ ದಾರಿಯಲ್ಲಿ ಆ ಮಾತನ್ನು ಬಿಚ್ಚಿ ಬೇರೆ ಹೊಲಿದಿದ್ದಳು.

"ಆ ಹುಡುಗಿ ನೀನೇ ಅಲ್ವಾ?" ಅಂದರು ಮ್ಯಾನೇಜರು. "ನಿನ್ನ ಹತ್ರ ಏನಾದ್ರೂ ಮಾತಾಡಿದ್ಲಾ ನಮ್ಮಮ್ಮ?"

ಇದ್ದದ್ದನ್ನೆಲ್ಲ ಹೇಳಿ ಹಗುರಾಗಬೇಕೆಂದೇ ಬಂದಿದ್ದಳು. ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಹಗುರಾಗುವವಳು ತಾನೊಬ್ಬಳೇ ಎಂದು ಆಗ ಹೊಳೆಯಿತು.

"ಊಟ ಮಾಡಿದ್ಯಾ ಮಗಳೇ ಅಂತ ಕೇಳಿದ್ರು ಸಾರ್."

ಮ್ಯಾನೇಜರು ಜೋರಾಗಿ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. "ಹಾಗಾದ್ರೆ ಅವಳೇ. ಅವಳೇ ಸರಿ. ನಾಳೆ ಬಾಮ್ಮ. ನೀನೇ ಕೊಡಬೇಕು."

ಭಾನುವಾರ ಮೈದಾನದ ನಡುವೆ ಕಂಡಕ್ಟರು ಮೈಕು ಹಿಡಿದು, "ನಮ್ಮೆಲ್ಲರಿಗಿಂತ ಮೊದಲು ಇವರನ್ನ ಗುರುತಿಸಿದ ನಮ್ಮ ಟೈಲರಕ್ಕ!" ಎಂದು ಕೂಗಿದ. ಗೋಲ್‌ಕೀಪರುಗಳಿಗೆ ಈಗ ಆಟ ಕಲಿಸುವ ತಮ್ಮ ಗೆರೆಯ ಆಚೆ ನಿಂತು ಅಕ್ಕನನ್ನೇ ನೋಡುತ್ತಿದ್ದ. ನಿಜ ಬಲ್ಲ ಅವನ ಕಣ್ಣನ್ನು ಅವಳು ತಪ್ಪಿಸಿದಳು. ಚಪ್ಪಾಳೆಯ ಒಂದೊಂದು ಅಲೆಗೂ, ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ತೊಟ್ಟವಳಂತೆ ಅವಳ ಮೈ ಮುದುಡುತ್ತಿತ್ತು.

ಬ್ಯಾನರು ಬಿಡಿಸಿ, ಎಡತುದಿಯನ್ನು ಹುಡುಕಿ ಮ್ಯಾನೇಜರರ ಕೈಗೆ ಕೊಟ್ಟಳು. ಬಲತುದಿಯನ್ನು ತಾನು ಎತ್ತಿ ಹಿಡಿದಳು. ಗಾಳಿ ಬಟ್ಟೆಯನ್ನು ಉಬ್ಬಿಸಿತು. ಸ್ಟ್ಯಾಂಡು ಎದ್ದು ನಿಂತು "ಸಾಕಪ್ಪಾ! ಸಾಕಪ್ಪಾ!" ಎಂದು ಕೂಗಿತು. ಬಟ್ಟೆಯಲ್ಲಿ ಬಿಟ್ಟುಹೋಗಿದ್ದ ದೀರ್ಘವನ್ನು ಜನ ಬಾಯಲ್ಲಿ ಎಳೆದೆಳೆದು ತುಂಬುತ್ತಿದ್ದರು.

"ಕೈ ಸೋತ್ರೆ ಹೇಳಮ್ಮ, ಇಳಿಸೋಣ" ಅಂದರು ಮ್ಯಾನೇಜರು.

"ಇಲ್ಲ ಸಾರ್."

ಕೈ ಸೋತಿತ್ತು. ಜನ ಕೂಗಿ ಮುಗಿಸುವ ತನಕ ಅವಳು ತುದಿಯನ್ನು ಬಿಡಲಿಲ್ಲ.