ಎಣ್ಣೆ ಹಾಳೆಯ ಮೇಲಿನ ನಡಿಗೆ

ಮೊನ್ನೆ ಮಧ್ಯಾಹ್ನ ಶಿರಾ ಬಸ್ ಸ್ಟ್ಯಾಂಡಿನಿಂದ ತಂದ ಬೋಂಡಾ ತಿಂದು ಮುಗಿಸಿ, ಕಟ್ಟಿಕೊಟ್ಟಿದ್ದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಣ್ಣೆ ಕುಡಿದ ಕಡೆಯೆಲ್ಲ ಹಿಂಬದಿಯ ಅಕ್ಷರಗಳು ತಿರುಗಿಕೊಂಡು ಕಾಣುತ್ತಿದ್ದವು. ಆ ಕಡಲೆಕಾಯಿ ಎಣ್ಣೆಯ ವಾಸನೆ... ಹೈಸ್ಕೂಲಿನ ನಮ್ಮ ಡ್ರಾಯಿಂಗ್ ಮೇಷ್ಟ್ರ ಅಂಗಿಯ ತೋಳಿಗೆ ಸದಾ ಇದೇ ವಾಸನೆ ಇರುತ್ತಿತ್ತು. ಕೈ ತೊಳೆಯುವುದನ್ನೂ ಮರೆತು ಕೂತುಬಿಟ್ಟೆ.

ಅವರು ಶಿರಾದ ಸಾಹೇಬರು. ದಿನಾ ಬರಗೂರು ಬಸ್ಸು ಹತ್ತಿ ನಮ್ಮೂರಿಗೆ ಬರುತ್ತಿದ್ದರು. ಎಂದೋ ಬಿದ್ದು ಎಡಮಂಡಿ ಹಾಳಾಗಿತ್ತು, ಕುಂಟುತ್ತಿದ್ದರು. ಕೆಳಗಿನ ಗೆರೆ ಮೇಲೆ ಕಾಣುವ ಟ್ರೇಸಿಂಗ್ ಪೇಪರ್ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಬಿಳಿ ಹಾಳೆಗೆ ಹತ್ತಿಯಿಂದ ಎಣ್ಣೆ ಸವರಿ ಒಣಗಿಸಿ, ಒಂದು ಚಿತ್ರದ ಮೇಲಿಟ್ಟು ಅದರ ಮುಂದಿನ ಚಿತ್ರ ಬರೆಸುತ್ತಿದ್ದರು. ಅಂಥ ಇಪ್ಪತ್ತು ಹಾಳೆ ಸೇರಿಸಿ ಪುಟ್ಟ ಪುಸ್ತಕದಂತೆ ಹೊಲಿದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಬೆಕ್ಕು ಗೋಡೆ ಹಾರುತ್ತಿತ್ತು.

"ಹಾರೋಕ್ ಮುಂಚೆ ಕುಕ್ಕರಿಸ್ಬೇಕು ಕಣಮ್ಮ, ಇಲ್ದಿದ್ರೆ ಅದು ಬೆಕ್ಕಲ್ಲ, ಕಲ್ಲು," ಎನ್ನುತ್ತಿದ್ದರು. ನಾನು ಕೊಡ ಹೊತ್ತ ಹೆಂಗಸನ್ನು ಬರೆದಾಗ, ಕೊಡದೊಳಗೆ ನೀರು ಬಿಡಿಸಲು ಹೋದ ನನ್ನ ಪೆನ್ಸಿಲ್ಲನ್ನು ಮೆಲ್ಲಗೆ ತಡೆದರು. "ನೀರು ಬರೀಬ್ಯಾಡ. ಸೊಂಟ ಬರಿ. ನೀರು ತಾನಾಗೇ ಕಾಣ್ತದೆ."

ಈಗ ನಾನು ಮಕ್ಕಳ ಪಾಠದ ವಿಡಿಯೋಗಳಿಗೆ ಅನಿಮೇಷನ್ ಮಾಡುತ್ತೇನೆ. ಆಮೇಲೆ ಕಾಲೇಜಿನಲ್ಲಿ ಕಲಿತದ್ದೆಲ್ಲ ಆ ಮಾತುಗಳಿಗೆ ಹಾಕಿದ ಒಗ್ಗರಣೆ ಅಷ್ಟೆ.

ಅಂಥವರಿಗೆ ನಾನು ಮಾಡಿದ್ದೇನು? ಹತ್ತನೇ ಕ್ಲಾಸಿನಲ್ಲಿ, ಗೆಳತಿಯರನ್ನು ನಗಿಸುವ ಚಪಲಕ್ಕೆ, ಅವರೇ ಎಣ್ಣೆ ಸವರಿಕೊಟ್ಟ ಹಾಳೆಗಳ ಮೇಲೆ ಅವರ ಕುಂಟುನಡಿಗೆಯನ್ನೇ ಬರೆದೆ. ಪುಸ್ತಕ ಬೆಂಚಿನಿಂದ ಬೆಂಚಿಗೆ ಹೋಯಿತು. ನಗು ಜೋರಾದಾಗ ಮೇಷ್ಟ್ರು ಬಂದು ಕೈ ಚಾಚಿದರು. ಹಾಳೆಗಳನ್ನು ಒಮ್ಮೆ ಬಿಟ್ಟು ನೋಡಿದರು, ಮತ್ತೊಮ್ಮೆ ನಿಧಾನವಾಗಿ ಬಿಟ್ಟರು.

"ಕೈ ಚೆನ್ನಾಗೈತೆ ಕಣಮ್ಮ," ಎಂದರು. "ಆದ್ರೆ ಎಲ್ಡು ಕಾಲ್ಗೂ ಸಮಸಮ ಹಾಳೆ ಕೊಟ್ಬುಟ್ಟಿದ್ದೀಯ. ನೋಯೋ ಕಾಲ್ ಮ್ಯಾಲೆ ಯಾರೂ ಅಷ್ಟೊತ್ತು ನಿಲ್ಲಾಕಿಲ್ಲ. ಹೆಂಗೆ ಅಂತ ತೋರುಸ್ತೀನಿ, ನೋಡು."

ಬೋರ್ಡಿನಿಂದ ಬಾಗಿಲವರೆಗೆ ನಡೆದರು. ತಿರುಗಿ ಬಂದರು. ಮತ್ತೆ ಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಬೆಂಚಿನ ಮೇಲಿದ್ದ ಎಣ್ಣೆಯ ಕಲೆಯನ್ನೇ ನೋಡುತ್ತ ಕೂತಿದ್ದೆ.

"ಕಂಡ್ತಾ?"

"ಊಂ ಸಾ," ಎಂದೆ.

ಕ್ಷಮೆ ಕೇಳಲಿಲ್ಲ. ನಾಳೆ ಕೇಳೋಣ, ಪರೀಕ್ಷೆ ಮುಗಿಯಲಿ ಎಂದುಕೊಂಡೇ ಶಾಲೆ ಮುಗಿಯಿತು. ಕಾಲೇಜಿಗೆ ಹೋಗುತ್ತಿದ್ದಾಗ ಶಿರಾದಲ್ಲಿ ಒಮ್ಮೆ ಅವರು ಬಸ್ಸಿನಿಂದ ಇಳಿಯುತ್ತಿದ್ದರು. ಕಂಬದ ಹಿಂದೆ ಸರಿದು, ಅವರು ದಾಟಿ ಹೋಗುವವರೆಗೆ ಮೊಬೈಲಿನಲ್ಲಿ ಮುಖ ಹುದುಗಿಸಿ ನಿಂತೆ... ಹೋದ ವರ್ಷ ತೀರಿಕೊಂಡರಂತೆ. ಗೆಳತಿಯೊಬ್ಬಳ ಬಾಯಲ್ಲಿ ಆ ಸುದ್ದಿ ಕೇಳಿದ್ದು, ಅದೂ ಮಣ್ಣಾಗಿ ಎಷ್ಟೋ ದಿನಗಳ ಮೇಲೆ.

ಈಗ ನಾನು ಮಾಡುತ್ತಿರುವ ವಿಡಿಯೋದಲ್ಲಿ ಕುಂಟುವ ತಾತನೊಬ್ಬನಿದ್ದಾನೆ. "ಇನ್ನೊಂಚೂರು ತಮಾಷೆಯಾಗಿ ಕುಂಟ್ಲಿ ಮೇಡಂ, ಮಕ್ಕಳು ನಗ್ಬೇಕು," ಎಂದು ವಿಡಿಯೋ ಮಾಡಿಸುವವರು ಮೊನ್ನೆ ಬೆಳಿಗ್ಗೆಯೇ ಫೋನ್ ಮಾಡಿದ್ದರು. ಆಗಲ್ಲ ಎಂದುಬಿಟ್ಟೆ. ಅವನನ್ನು ಮೇಷ್ಟ್ರ ಹಾಗೆಯೇ, ಸರಿಯಾಗಿ ನಡೆಸಬೇಕು. ಅದೊಂದಾದರೂ ಆಗಲೇಬೇಕು ಎಂಬ ಹಟ ನನಗೆ.

ಬೋಂಡಾ ಕಾಗದವನ್ನು ಮಡಿಸಿಟ್ಟು ಮತ್ತೆ ಕೆಲಸಕ್ಕೆ ಕೂತೆ. ನೋಯುವ ಕಾಲಿಗೆ ಕಡಿಮೆ ಹೊತ್ತು, ಅದು ಗೊತ್ತು. ಆದರೆ ಆಗ ಭುಜ ಎತ್ತ ವಾಲುತ್ತಿತ್ತು? ಕೈ ಏನು ಹಿಡಿಯಲು ಹೋಗುತ್ತಿತ್ತು? ಮುಖ ಹೇಗಿರುತ್ತಿತ್ತು? ಸಂಜೆಯವರೆಗೆ ಬರೆದು ಅಳಿಸಿದೆ, ಬರೆದು ಅಳಿಸಿದೆ. ಅಷ್ಟು ಜನರೆದುರು ಅವರು ನನಗೋಸ್ಕರ ನಡೆದು ತೋರಿಸಿದ್ದರು. ನಾನು ತಲೆ ಎತ್ತಿರಲಿಲ್ಲ.