ಎಡಗೈಯ ಮೊಳ

ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್ ಕೋರ್ಸಿಗೆ ಸೇರಿದಾಗ ನನಗೆ ನಲವತ್ತೊಂದು ವರ್ಷ. ಭದ್ರಾವತಿಯಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋದರೆ, ಅಕ್ಕಪಕ್ಕದ ಮನೆಗಳಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ವಾಪಸ್ಸು. ಅದೇನು ಓದು ಎಂದು ಎಲ್ಲರೂ ಕೇಳುತ್ತಿದ್ದರು. ಪಾರ್ಶ್ವವಾಯು ಆದವರಿಗೆ ಮತ್ತೆ ಗುಂಡಿ ಹಾಕಿಕೊಳ್ಳುವುದು, ತುತ್ತು ಎತ್ತುವುದು, ತಲೆ ಬಾಚಿಕೊಳ್ಳುವುದು ಕಲಿಸುತ್ತಾರಲ್ಲ, ಅವರ ಜೊತೆ ನಿಂತು ಮಾಡುವ ಕೆಲಸ ಎನ್ನುತ್ತಿದ್ದೆ. ನನ್ನ ಗಂಡ ನಕ್ಕು, "ಮನೇಲಿ ಇಷ್ಟು ವರ್ಷ ಮಾಡಿದ್ದನ್ನೇ ಓದೋಕೆ ಹೋಗ್ತಿದೀಯ ಅನ್ನು" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಎಡವಿದ್ದು ಅಲ್ಲೇ.

ಪ್ರಾಕ್ಟಿಕಲ್ಸ್‌ನಲ್ಲಿ ನನ್ನ ಪಾಲಿಗೆ ಬಂದವರು ಒಬ್ಬ ಹೂವಿನ ಅಜ್ಜಿ. ನಮ್ಮೂರಿನವರೇ. ಓಲ್ಡ್ ಟೌನಿನ ಮಾರ್ಕೆಟ್ ತಿರುವಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದವರು. ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಗಿತ್ತು. ನಡಿಗೆ ಬಂದಿತ್ತು. ಮಾತಂತೂ ಒಂದು ದಿನಕ್ಕೂ ನಿಂತಿರಲಿಲ್ಲ ಎಂದು ಜೊತೆಗೆ ಬರುತ್ತಿದ್ದ ಸೊಸೆ ಹೇಳಿದಳು. ಎಡಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು, ಬೆರಳುಗಳು ಒಳಕ್ಕೆ ಮಡಚಿಕೊಂಡು.

ನಮಗೆ ಕಲಿಸುತ್ತಿದ್ದ ಮೇಡಂ ನನಗಿಂತ ಹದಿನೈದು ವರ್ಷ ಚಿಕ್ಕವರು. ಮೊದಲ ದಿನವೇ ಹೇಳಿದ್ದರು, ಕೈ ನೋಡುವ ಮೊದಲು ಆ ಕೈಗೆ ಏನು ಬೇಕು ಅಂತ ಕೇಳಿ. ಕೇಳಿದೆ. ಅಜ್ಜಿ ಸೆರಗಿನ ಅಂಚನ್ನು ಎಡ ಮೊಣಕೈಗೆ ಹಿಡಿದು, ಮಡಚಿದ ಬೆರಳಿನ ಗಿಣ್ಣಿನವರೆಗೆ ಎಳೆದು ತೋರಿಸಿದರು.

"ನೋಡು ತಾಯಿ, ನನ್ನ ಮೊಳ ಗಿಡ್ಡ ಆಗಿದೆ. ನಡುಬೆರಳ ತುದಿ ಮುಟ್ಟಿದ್ರೆ ಮೊಳ. ಇದನ್ನ ಅಳೆದು ಕೊಟ್ರೆ ಮೋಸ ಆಗಲ್ವಾ?"

"ಬಲಗೈಲಿ ಅಳೀರಿ ಅತ್ತೆ, ಇಲ್ಲ ಟೇಪ್ ಇಟ್ಕೊಳ್ಳಿ. ಹೇಳಿ ಹೇಳಿ ಸಾಕಾಯ್ತು ನಂಗೆ" ಎಂದಳು ಸೊಸೆ.

"ಬಲಗೈಗೆ ದಾರ ಎಳಿಯೋ ಕೆಲಸ ಇಲ್ವಾ? ಟೇಪ್ ಇಟ್ಟು ಅಳೆಯೋಕೆ ಅದೇನು ಲಂಗದ ಬಟ್ಟೆನಾ ಮಾರಾಯ್ತಿ?"

ಮೊಳ ಸರಿಯಾಗುವವರೆಗೆ ಆ ತಿರುವಿನಲ್ಲಿ ಕೂರುವುದಿಲ್ಲ ಎಂದು ಅಜ್ಜಿ ಹಟ ಹಿಡಿದಿದ್ದರು. ಬುಟ್ಟಿ ಮನೆಯಲ್ಲಿ ಬೋರಲಾಗಿ ಬಿದ್ದಿತ್ತಂತೆ. ಗುರಿ ಎಂಬ ಕಾಲಮ್ಮಿನಲ್ಲಿ ನಾನು 'ಒಂದು ಮೊಳ' ಎಂದು ಬರೆದುಕೊಂಡೆ. ಮೇಡಂ ಅದನ್ನು ಹೊಡೆದುಹಾಕಲಿಲ್ಲ.

ಹೂ ಕಟ್ಟುವುದನ್ನೇ ಅಭ್ಯಾಸವಾಗಿ ಕೊಟ್ಟರು. ಮೊದಲು ಹಿಡಿಯಲು ಸುಲಭವಾದ ಸೇವಂತಿಗೆ, ಬಾಳೆನಾರು. ಎಡಗೈ ಹೂ ಹಿಡಿಯಬೇಕು, ಬಲಗೈ ನಾರು ಸುತ್ತಬೇಕು. ಹೂ ಅಜ್ಜಿಯ ಬೆರಳಿಂದ ಜಾರಿದಾಗಲೆಲ್ಲ ನನ್ನ ಕೈ ಮುಂದೆ ಹೋಗುತ್ತಿತ್ತು. ತಟ್ಟೆ ಖಾಲಿಯಾಗುವ ಮೊದಲೇ ಸೌಟು ಹಿಡಿದು ನಿಲ್ಲುವ ಕೈ ಅದು, ಅದಕ್ಕೆ ಬೇರೆ ಗೊತ್ತಿರಲಿಲ್ಲ. ಎರಡು ವಾರಕ್ಕೆ ಒಂದು ಮಾಲೆ ಮುಗಿಯಿತು. ಹೆಮ್ಮೆಯಿಂದ ಮೇಡಂಗೆ ತೋರಿಸಿದೆ.

ಅವರು ತಿರುಗಿಸಿ ನೋಡಿ, "ಇದರಲ್ಲಿ ಅಜ್ಜಿ ಹಾಕಿದ ಗಂಟು ಎಷ್ಟು?" ಎಂದರು.

ನಾನು ಬಾಯಿ ಬಿಡುವ ಮೊದಲೇ ಅಜ್ಜಿ, "ಎಲ್ಲಾ ಇವ್ರದ್ದೇ. ನಾನು ಊರ ಸುದ್ದಿ ಹೇಳ್ತಾ ಕೂತಿದ್ದೆ. ಗಂಟೂ ಬಿಗಿ ಇಲ್ಲ, ಬಸ್ ಸ್ಟ್ಯಾಂಡ್ ತನಕಾನೂ ಬರಲ್ಲ ಈ ಮಾಲೆ" ಎಂದರು.

"ಅಕ್ಕ, ನೀವು ತುಂಬ ಒಳ್ಳೆಯವರು. ಅದೇ ತೊಂದರೆ. ನಿಮ್ಮ ಕೈಗೆ ಚೆನ್ನಾಗಿ ವ್ಯಾಯಾಮ ಆಗಿದೆ" ಎಂದು ಮೇಡಂ ಮೆತ್ತಗೆ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಗಂಟಿನ ಮಾತು ನಿಜವೇ. ನಮ್ಮ ಕಾನ್ವೆಂಟಿನಲ್ಲಿ ಹೂ ಮುಡಿಯುವಂತಿರಲಿಲ್ಲ. ಸಿಸ್ಟರ್ ಕಲಿಸಿದ್ದು ಕರ್ಚೀಫಿನ ಮೂಲೆಗೆ ಕ್ರಾಸ್ ಸ್ಟಿಚ್. ಮದುವೆಯಾದ ಮೇಲೂ ಕಟ್ಟಿದ ಹೂವನ್ನೇ ಕೊಂಡವಳು ನಾನು. ಮರುದಿನ ಅಜ್ಜಿಯ ಎದುರು ಕೂತು, "ನನಗೆ ಬರಲ್ಲ ಅಜ್ಜಿ, ಕಲಿಸಿ" ಎಂದೆ. ಉಪಾಯವೇನಲ್ಲ, ನಾಚಿಕೆಯಿಂದ ಕೇಳಿದ್ದು.

ಎರಡು ಹೂ ಹಿಡಿದೆ. "ಹಾಗಲ್ಲ." ತಿರುಗಿಸಿದೆ. "ಅಯ್ಯೋ, ಹಾಗಲ್ಲ ತಾಯಿ, ತೊಟ್ಟಿಗೆ ತೊಟ್ಟು ಕೂಡಬೇಕು." ಅಜ್ಜಿಯ ಬಲಗೈಯಲ್ಲಿ ನಾರಿತ್ತು. ಮಡಿಲಿನಿಂದ ಎಡಗೈ ಎದ್ದಿತು. ನಡುಗುತ್ತ ಬಂದು, ಹೆಬ್ಬೆರಳೂ ತೋರುಬೆರಳೂ ಬಿಚ್ಚಿಕೊಂಡು, ನನ್ನ ಕೈಯಲ್ಲಿದ್ದ ಹೂವನ್ನು ಹಿಡಿದು, ಅರ್ಧ ಸುತ್ತು ತಿರುಗಿಸಿ ಬಿಟ್ಟಿತು. ಅಜ್ಜಿಗೆ ಗೊತ್ತೇ ಆಗಲಿಲ್ಲ. ಅವರ ಕಣ್ಣು ನನ್ನ ತಪ್ಪಿನ ಮೇಲಿತ್ತು. ಆಚೆ ಮೇಜಿನಲ್ಲಿ ಮೇಡಂ ಬರೆಯುವುದನ್ನು ನಿಲ್ಲಿಸಿದ್ದರು. ನಾಲ್ಕು ತಿಂಗಳು ಮಲಗಿದ್ದ ಕೈ, ಒಬ್ಬಳಿಗೆ ಹೂ ಕಟ್ಟಲು ಬರುವುದಿಲ್ಲ ಎಂಬುದನ್ನು ಸಹಿಸಲಾರದೆ ಎದ್ದು ಬಂದಿತ್ತು.

ಆಮೇಲೆ ಎಲ್ಲ ಬೇಗ ಆಯಿತೆಂದಲ್ಲ. ವಾರಕ್ಕೆ ಮೂರು ದಿನ, ತಿಂಗಳುಗಟ್ಟಲೆ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದನ್ನು ಕಲಿತೆ. ಹೂ ಬಿದ್ದರೆ ಬೀಳಲಿ. ಹಾಗೆ ಕೂತಾಗಲೇ ಕಂಡದ್ದು: ಹೂ ಒತ್ತುವಾಗ ಅಜ್ಜಿಯ ಉಗುರಿನ ತುದಿ ಬೆಳ್ಳಗಾಗುವುದು, ಕಿರುಬೆರಳು ಕರೆಯದಿದ್ದರೂ ಜೊತೆಗೆ ಏಳುವುದು. ಪ್ರತಿ ಸಲ ಮುಗಿದ ಮೇಲೆ ಮೇಜಿನ ಹಾಳೆಯ ಮೇಲೆ ಅವರ ಮುಂಗೈ ಇರಿಸಿ, ನಡುಬೆರಳ ತುದಿಗೆ ಪೆನ್ಸಿಲ್ ಗೆರೆ ಹಾಕುತ್ತಿದ್ದೆ. ಒಂದೊಂದು ದಿನ ಗೆರೆ ಹಿಂದಕ್ಕೂ ಬರುತ್ತಿತ್ತು. ಇಷ್ಟು ವರ್ಷ ಹತ್ತು ಬೆರಳಿಟ್ಟುಕೊಂಡು ಬದುಕಿದ್ದೇನೆ, ಒಂದು ಬೆರಳು ನೇರವಾಗುವುದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

ಪ್ರಾಕ್ಟಿಕಲ್ಸ್ ಮುಗಿದು ಕೆಲವು ವಾರಗಳ ಮೇಲೆ, ಒಂದು ಭಾನುವಾರ ತರಕಾರಿಗೆಂದು ಓಲ್ಡ್ ಟೌನಿಗೆ ಹೋದೆ. ತಿರುವಿನಲ್ಲಿ ಬುಟ್ಟಿ ಇತ್ತು. ಹಿಂದೆ ಅಜ್ಜಿ ಇದ್ದರು.

"ಒಂದು ಮೊಳ ಮಲ್ಲಿಗೆ ಅಜ್ಜಿ."

ನನ್ನನ್ನು ನೋಡಿ ನಕ್ಕರು. ಮಾಲೆಯ ತುದಿಯನ್ನು ಎಡ ಮೊಣಕೈಗೆ ಇಟ್ಟು, ಬಲಗೈಯಿಂದ ಮುಂಗೈಯುದ್ದಕ್ಕೂ ಎಳೆದರು. ನಡುಬೆರಳು ಇನ್ನೂ ಬಾಗಿತ್ತು. ನನ್ನ ಕೈ ಮುಂದಾಯಿತು, ಬ್ಯಾಗಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹಿಂದೆ ನಿಂತಿದ್ದ ಹೆಂಗಸು, "ಬೇಗ ಕೊಡಜ್ಜಿ, ಬಸ್ಸು ಹೋಗುತ್ತೆ" ಎಂದಳು.

"ತಡಿ ಮಾರಾಯ್ತಿ, ಬೆರಳು ಬರ್ತಾ ಇದೆ."

ಬಂತು. ಮೊದಲ ಗಿಣ್ಣು, ಎರಡನೆಯದು, ಕೊನೆಗೆ ತುದಿ. ಮಲ್ಲಿಗೆ ತುದಿಯನ್ನು ಮುಟ್ಟಿತು. ಅಜ್ಜಿ ಅಲ್ಲಿಗೆ ಸರಿಯಾಗಿ ಕತ್ತರಿಸಿದರು.

"ಕೂತ್ಕೋ, ತಿರುಗು" ಎಂದರು. ಆ ಹೆಂಗಸಿನ ಎದುರೇ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತೆ. ಹೂ ಮುಡಿಸುತ್ತಿದ್ದ ಎರಡು ಕೈಗಳೂ ನನ್ನ ಜಡೆಗೆ ತಗುಲುತ್ತಿದ್ದವು, ಒಂದು ಬೇಗ, ಒಂದು ತಡವಾಗಿ. ತಡವಾಗಿ ಬರುವ ಕೈ ಪಿನ್ನು ಸಿಕ್ಕಿಸಿ ಮುಗಿಸುವವರೆಗೆ ನಾನು ತಲೆ ಅಲ್ಲಾಡಿಸಲಿಲ್ಲ.