ಸೂಜಿಯಕ್ಕ ಮತ್ತು ಇಳಿಜಾರಿನ ದೊರೆ

ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ತರುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅದೇ ಕೆಲಸ, ಅದೇ ಕಪ್ಪು ಸೈಕಲ್ಲು, ಕ್ಯಾರಿಯರಿಗೆ ರಬ್ಬರ್ ಪಟ್ಟಿಯಿಂದ ಬಿಗಿದ ಅದೇ ನೀಲಿ ಡಬ್ಬಿ. ಡಬ್ಬಿಯೊಳಗೆ ದಪ್ಪ ಸ್ಪಂಜು, ಸ್ಪಂಜಿನ ತೂತುಗಳಲ್ಲಿ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತ ಕೊಳವೆಗಳು. ಅವಳಿಗೊಂದು ಹೆಸರಿದೆ ಎಂಬುದು ಲ್ಯಾಬಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವಳು ಸೂಜಿಯಕ್ಕ.

ಈ ಕೆಲಸಕ್ಕೆ ಇರುವುದು ಎರಡೇ ಕಟ್ಟಳೆ. ತೆಗೆದ ರಕ್ತ ಒಂದು ಗಂಟೆಯೊಳಗೆ ಲ್ಯಾಬು ಸೇರಬೇಕು. ಸೇರುವ ತನಕ ಕುಲುಕಬಾರದು. ಬೇಗ ಹೋಗು ಎನ್ನುತ್ತದೆ ಒಂದು, ಮೆಲ್ಲಗೆ ಹೋಗು ಎನ್ನುತ್ತದೆ ಇನ್ನೊಂದು. ಇವೆರಡೂ ಜಗಳವಾಡದಂತೆ ನೋಡಿಕೊಳ್ಳುವುದೇ ಅವಳ ವಿದ್ಯೆ. ಯಾವ ಬೀದಿಯಲ್ಲಿ ಎಷ್ಟು ಗುಂಡಿ, ಯಾವ ತಿರುವಿನಲ್ಲಿ ಮರಳು, ಎಲ್ಲ ಅವಳಿಗೆ ಬಾಯಿಪಾಠ. ಸೈಕಲ್ ಕಲಿಸುವಾಗ ಅವಳಪ್ಪ ಹೇಳಿದ್ದ, "ಹತ್ತಿದ ಮೇಲೆ ಸೇರೋ ಜಾಗ ಬರೋವರೆಗೂ ಇಳೀಬಾರದು ಮಗಳೇ, ನಡುವೆ ಇಳಿದರೆ ಸೋತ ಹಾಗೆ" ಎಂದು. ಅವಳು ಅದನ್ನು ವ್ರತದಂತೆ ಪಾಲಿಸಿದ್ದಳು.

ಆ ವ್ರತಕ್ಕೆ ಕುತ್ತು ತಂದದ್ದು ಒಂದು ನಾಯಿ.

ಬೀದಿಯೊಂದರ ಏರಿನ ತುದಿಯಲ್ಲಿ ಮೂರು ಮಹಡಿಯ ಹಳೆಯ ಕಟ್ಟಡ. ಅದರ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜಿ, ಅವರ ಮಗಳು. ಅಜ್ಜಿ ಒಂದು ಕಾಲದಲ್ಲಿ ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ಕಿವಿಗೆ ಫೋನು ಸಿಕ್ಕಿಸಿಕೊಂಡು ಊರಿನ ಕರೆಗಳನ್ನೆಲ್ಲ ಜೋಡಿಸಿದವರು. ಈಗ ಕಾಲು ಊದಿಕೊಂಡು, ನಾಲ್ಕು ಮಾತಾಡಿದರೆ ಏದುಸಿರು ಬಂದು, ಕಿಟಕಿಯ ಪಕ್ಕದ ಮಂಚಕ್ಕೆ ಅಂಟಿಕೊಂಡಿದ್ದರು. ಹೃದಯಕ್ಕೆ ಹೊಸ ಮಾತ್ರೆ ಶುರು ಮಾಡಬೇಕಾದರೆ ರಕ್ತದ ಉಪ್ಪಿನಂಶ ಎಷ್ಟಿದೆ ಎಂದು ಗೊತ್ತಾಗಲೇಬೇಕು ಎಂದು ಡಾಕ್ಟರು ಹಟ ಹಿಡಿದಿದ್ದರು. ರಕ್ತ ದಾರಿಯಲ್ಲಿ ಕುಲುಕಿ ಅದರ ಕಣಗಳು ಒಡೆದರೆ ಆ ಲೆಕ್ಕವೇ ತಪ್ಪಿ ಬರುತ್ತದೆ.

ಸೋಮವಾರ ಬೆಳಿಗ್ಗೆ ಸೂಜಿಯಕ್ಕ ಅಜ್ಜಿಯ ಎಡಗೈ ಹಿಡಿದು, ಚುಚ್ಚುವ ಮುಂಚೆ ಎಂದಿನಂತೆ ಒಂದು ಗಳಿಗೆ ಕಣ್ಣು ಮುಚ್ಚಿದಳು.

"ಯಾರ ಹತ್ರ ಮಾತಾಡ್ತಿದೀಯ?" ಎಂದರು ಅಜ್ಜಿ.

"ಮೇಲಿರೋನ ಹತ್ರ ಅಜ್ಜಿ. ನರ ತೋರಿಸಪ್ಪಾ ಅಂತ."

"ತೋರಿಸಿದನಾ?"

"ಒಂದು ತೋರಿಸಿದಾನೆ. ಎಳೆ ದಾರದ ಹಾಗಿದೆ."

ರಕ್ತ ಸಿಕ್ಕಿತು. ಕೊಳವೆ ಸ್ಪಂಜಿನಲ್ಲಿ ಕೂತಿತು. ಸೂಜಿಯಕ್ಕ ಇಳಿಜಾರಿನಲ್ಲಿ ಸೈಕಲ್ ಬಿಟ್ಟಳು. ಅರ್ಧ ದಾರಿಯಲ್ಲಿ ಮರದ ಸಾಮಾನಿಗೆ ಪಾಲಿಶ್ ಹಾಕುವವನ ಅಂಗಳ. ಅಲ್ಲಿಂದ ಕಂದು ಬಣ್ಣದ್ದೊಂದು ಪ್ರಾಣಿ ಬಾಣದಂತೆ ಬಂತು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ, ಹಲ್ಲು ಮಾತ್ರ ಎಲ್ಲವೂ ಹೊರಗೆ. ಅವಳು ಕಿರುಚಿ ಕಾಲು ಮೇಲೆತ್ತಿದಳು. ಕಾಲೆತ್ತಿದ್ದೇ ತಡ, ಸೈಕಲ್ಲು ಕಲ್ಲು ಗುಂಡಿ ನೋಡದೆ ಎಗರುತ್ತಾ ಕೆಳಗಿನ ಚರಂಡಿ ಕಲ್ಲಿನವರೆಗೂ ಹೋಯಿತು.

ಪಾಲಿಶಿನವನು ಬ್ರಶ್ಶು ಹಿಡಿದುಕೊಂಡೇ ನಗುತ್ತಾ ಬಂದ. "ಏನೂ ಮಾಡಲ್ಲ ಅಮ್ಮಾ, ಹೆದರ್ಕೋಬೇಡಿ. ನಮ್ಮ ದೊರೆ ಆಟ ಆಡ್ತಾನೆ ಅಷ್ಟೇ."

"ನನ್ನ ಹಿಮ್ಮಡಿ ಜೊತೆನಾ ಆಟ? ಗೇಟ್ ಹಾಕೋಕೇನ್ರೀ ನಿಮಗೆ?"

"ಗೇಟಿಗೆ ಪಾಲಿಶ್ ಆಗ್ತಾ ಇದೆ," ಎಂದು ಅವನು ಒಳಗೆ ತೋರಿಸಿದ. ಎರಡು ಸ್ಟೂಲಿನ ಮೇಲೆ ಗೇಟು ಅಂಗಾತ ಮಲಗಿತ್ತು. ಅದರ ಮೇಲೆ ಕೂತ ಧೂಳು ನೋಡಿದರೆ ಅದು ಮಲಗಿ ತಿಂಗಳಾಗಿರಬೇಕು. "ಊರವರದ್ದು ಮುಗಿದ ಮೇಲಲ್ವಾ ನಮ್ಮದು?"

ಲ್ಯಾಬಿನಲ್ಲಿ ರಕ್ತ ತಿರುಗಿಸುವ ಯಂತ್ರದ ಮುಂದೆ ಕೂರುವ ಹುಡುಗನಿಗೆ ದಪ್ಪ ಕನ್ನಡಕದ ದೆಸೆಯಿಂದ ಸೋಡಾಗ್ಲಾಸು ಎಂದೇ ಹೆಸರು. ಅವನು ಯಂತ್ರದಿಂದ ತೆಗೆದ ಕೊಳವೆಯನ್ನು ದೀಪಕ್ಕೆ ಹಿಡಿದ. ಮೇಲೆ ತೇಲುವ ನೀರು ಒಣ ಹುಲ್ಲಿನ ಬಣ್ಣಕ್ಕಿರಬೇಕಿತ್ತು, ದಾಸವಾಳದ ಶರಬತ್ತಿನಂತಿತ್ತು.

"ಒಡೆದು ಹೋಗಿದೆ ಅಕ್ಕಾ. ಸೂಜಿ ಸಣ್ಣದಾಯ್ತಾ? ಜೋರಾಗಿ ಎಳೆದ್ರಾ?"

ಇಪ್ಪತ್ತೆರಡು ವರ್ಷದ ಕೈಯನ್ನು ಇಪ್ಪತ್ತಾರು ವರ್ಷದ ಹುಡುಗ ಪ್ರಶ್ನೆ ಕೇಳುವುದೆ? "ನನ್ನ ಕೈ ಸರಿಯಾಗೇ ಇದೆ, ನೀನು ನಿನ್ನ ಯಂತ್ರ ನೋಡ್ಕೋ," ಎಂದಳು. ನಾಯಿಯ ಮಾತು ಎತ್ತಲಿಲ್ಲ. ನಾಯಿಗೆ ಹೆದರಿದೆ ಎಂದು ಹೇಗೆ ಹೇಳುವುದು?

ಮನೆಯಲ್ಲಿ ಮಾತ್ರ ಬಾಯಿ ಬಿಟ್ಟಳು. ಬಿಟ್ಟದ್ದೇ ತಪ್ಪಾಯಿತು. ಅವಳ ಗಂಡ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಗಟ್ಟಿ ಬಾಗಿಲಿನ ಹಿಂದೆ ಎತ್ತರದ ಸೀಟಿನಲ್ಲಿ ಕೂತೇ ಊರಿನ ನಾಯಿಗಳನ್ನೆಲ್ಲ ಅರಿತವನು.

"ಛತ್ರಿ ಇಟ್ಕೋ," ಎಂದ ತಟ್ಟೆಯಿಂದ ತಲೆಯೆತ್ತದೆ. "ಮುಖಕ್ಕೆ ಹಿಡಿದು ಫಟ್ ಅಂತ ಬಿಚ್ಚು. ನಾಯಿ ಬಾಲ ಮುದುರ್ಕೊಂಡು ಓಡುತ್ತೆ."

"ನೀವು ಯಾವತ್ತಾದ್ರೂ ಬಿಚ್ಚಿದೀರಾ?"

"ನನಗ್ಯಾಕೆ ಬೇಕು? ನಾನು ಬಸ್ಸಲ್ಲಿದ್ದೆ."

ಪಕ್ಕದ ಮನೆಯಾಕೆ ನೀರಿನ ಬಾಟಲಿ ಎಂದಳು. ನಾದಿನಿ ಫೋನು ಮಾಡಿ ಪೀಪಿ ಎಂದಳು. ಸೈಕಲ್ ರಿಪೇರಿಯವನು, "ಗಾಳಿ ಪಂಪು ಕೈಯಲ್ಲಿರಲಿ, ಎರಡು ಬಿಡಿ" ಎಂದ. ಎರಡು ಬಿಡುವುದು ಅವಳಿಂದಾಗದ ಮಾತು. ಬಾಯಿಲ್ಲದ ಪ್ರಾಣಿಗೆ ಹೊಡೆದ ಕೈಯಲ್ಲಿ ಮರುಗಳಿಗೆ ಯಾರ ನರವನ್ನು ಹುಡುಕುವುದು? ಆದರೆ ಆ ಪ್ರಾಣಿಗೆ ಬಾಯಿಲ್ಲ ಎನ್ನುವುದು ಹೇಗೆ ಎಂದೂ ಅನ್ನಿಸಿತು.

ಬುಧವಾರ ಛತ್ರಿ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋದಳು. ಅಜ್ಜಿಯ ಬಲಗೈಯಲ್ಲಿ ಎರಡು ಸಲ ಚುಚ್ಚಿದ ಮೇಲೆ ರಕ್ತ ಸಿಕ್ಕಿತು. ಸೈಕಲ್ ಹತ್ತುವ ಮುಂಚೆ ಏರಿನ ತುದಿಯಿಂದಲೇ ಪಾಲಿಶಿನವನನ್ನು ಕೂಗಿ ಕೇಳಿದಳು, "ನಾಯಿ ಕಟ್ಟಿದೀರಾ?"

"ಕಟ್ಟಿದೀನಿ ಅಮ್ಮಾ, ಆರಾಮಾಗಿ ಬನ್ನಿ!"

ಆರಾಮಾಗಿ ಬರುವುದೇನು, ಹಾಳಾದ್ದು ಗಂಟು ಬಿಚ್ಚಿಕೊಳ್ಳುವ ಮುಂಚೆ ದಾಟಿಬಿಡೋಣ ಎಂದು ಅವಳು ಇನ್ನಷ್ಟು ರಭಸದಿಂದ ಬಂದಳು. ದೊರೆ ಆಗಲೇ ಬಿಚ್ಚಿಕೊಂಡಿದ್ದ. ಅರ್ಧ ಹಗ್ಗ ಎಳೆದುಕೊಂಡೇ ಮೇಲೆರಗಿದ. ಅವಳು ಛತ್ರಿ ಬಿಚ್ಚಿದಳು. ನಾಯಿ ಒಂದು ಕ್ಷಣ ಹಿಂದೆ ಸರಿದದ್ದು ನಿಜ. ಆದರೆ ಛತ್ರಿಗೆ ಗಾಳಿ ತುಂಬಿ, ಅದು ಉಲ್ಟಾ ಹೊಡೆದು, ಸೈಕಲ್ಲನ್ನು ತನ್ನ ಕಡೆಗೇ ಎಳೆದುಕೊಂಡಿತು. ಮುಂದಿನ ಚಕ್ರ ಗೋಡೆಗೆ ಬಡಿಯಿತು. ನೀಲಿ ಡಬ್ಬಿ ಎರಡು ಸಲ ನೆಗೆಯಿತು. ಛತ್ರಿಯನ್ನು ದೊರೆ ಹಲ್ಲಲ್ಲಿ ಕಚ್ಚಿಕೊಂಡು ರಾಜಠೀವಿಯಿಂದ ಅಂಗಳಕ್ಕೆ ಹೋದ.

"ಗಂಟು ಬಿಚ್ಚೋದು ಯಾವಾಗ ಕಲಿತನೋ! ಭಾರೀ ಬುದ್ಧಿವಂತ," ಎಂದ ಪಾಲಿಶಿನವನು, ಮಗನ ಮಾರ್ಕು ಹೇಳುವ ತಂದೆಯಂತೆ.

ಸೋಡಾಗ್ಲಾಸು ಈ ಸಲ ಏನೂ ಕೇಳಲಿಲ್ಲ. ಮತ್ತೆ ಕೆಂಪಾದ ಕೊಳವೆಯನ್ನು ಅವಳ ಮುಂದಿಟ್ಟ, ಅಷ್ಟೆ. ಅದು ಅವಳಿಗೆ ಇನ್ನೂ ಹೆಚ್ಚು ನೋವು. ಮೆಲ್ಲಗೆ ಅಂದ, "ಅಕ್ಕಾ, ಶುಕ್ರವಾರನೂ ಹೀಗಾದ್ರೆ ಆ ಅಜ್ಜೀನ ಆಸ್ಪತ್ರೆಗೇ ಕರ್ಕೊಂಡು ಬರಬೇಕಂತೆ. ಡಾಕ್ಟರು ಫೋನ್ ಮಾಡಿದ್ರು."

ಮೂರು ಮಹಡಿ, ಒಬ್ಬರು ಅಡ್ಡ ತಿರುಗಿದರೆ ಇನ್ನೊಬ್ಬರು ಹೋಗಲಾಗದ ಮೆಟ್ಟಿಲು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸಬೇಕು. ಆ ರಾತ್ರಿ ಪ್ರಾರ್ಥನೆಗೆ ಕೂತಾಗ ನಾಯಿಗೆ ಏನಾದರೂ ಆಗಲಿ ಎಂದು ಬೇಡುವಷ್ಟು ದೂರ ಸೂಜಿಯಕ್ಕ ಹೋಗಿ, ಥೂ ಎಂದು ತನ್ನ ಕೆನ್ನೆಗೆ ತಾನೇ ಬಡಿದುಕೊಂಡಳು.

ಶುಕ್ರವಾರ ಅಜ್ಜಿಯ ಎರಡೂ ತೋಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಅಜ್ಜಿ ಅವನ್ನು ಹೊದಿಕೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು.

"ಇನ್ನೆಷ್ಟು ಬಾವಿ ತೋಡ್ತೀಯಮ್ಮಾ? ಜಾಗ ಮುಗೀತು."

"ಇದೇ ಕೊನೇದು ಅಜ್ಜಿ."

"ಕುರ್ಚೀಲಿ ಇಳಿಸ್ತಾರಂತೆ ನನ್ನ. ಮಗಳು ಅಡುಗೆಮನೇಲಿ ಫೋನಲ್ಲಿ ಹೇಳ್ತಿದ್ಲು. ನನಗೆ ಕೇಳಿಸಲ್ಲ ಅಂದ್ಕೊಂಡಿದಾಳೆ." ಅವರು ಉಸಿರಿಗಾಗಿ ಮಾತು ನಿಲ್ಲಿಸಿದರು. "ಇಳಿಸೋರೇನೋ ಇಳಿಸ್ತಾರೆ. ಮತ್ತೆ ಮೇಲೆ ತರೋರು ಯಾರು?"

ಸೂಜಿಯಕ್ಕ ಡಬ್ಬಿ ಕೆಳಗಿಟ್ಟಳು. ಹುಡುಗನ ಮುಂದೆ ಮುಚ್ಚಿಟ್ಟ ಮಾತು ಇಲ್ಲಿ ತಾನಾಗಿ ಹೊರಬಂತು. "ತಪ್ಪು ನಿಮ್ಮ ರಕ್ತದ್ದಲ್ಲ ಅಜ್ಜಿ, ನನ್ನ ಕೈದೂ ಅಲ್ಲ. ಆ ಪಾಲಿಶಿನವನ ನಾಯಿ..."

"ಗೊತ್ತು."

"ಹೇಗೆ ಗೊತ್ತು?"

"ನನಗಿಲ್ಲಿ ಬೇರೆ ಏನು ಕೆಲಸ?" ಅಜ್ಜಿ ಕಿಟಕಿಯ ಕಡೆ ತಲೆ ಆಡಿಸಿದರು. "ನೀನು ಬರುವಾಗ ಅದು ಬೊಗಳುತ್ತಾ?"

ಸೂಜಿಯಕ್ಕ ಯೋಚಿಸಿದಳು. "ಇಲ್ಲ. ಬಿದ್ಕೊಂಡಿರುತ್ತೆ. ಒಂದು ಕಣ್ಣು ಬಿಟ್ಟು ನೋಡುತ್ತೆ ಅಷ್ಟೇ."

"ಬರುವಾಗ ಏರು. ನಿನ್ನ ಸೈಕಲ್ಲು ಕುಯ್ಯೋ ಮರ್ರೋ ಅಂತ ಹತ್ತುತ್ತೆ, ನಡೆಯೋರೇ ನಿನಗಿಂತ ಮುಂದೆ. ಹೋಗುವಾಗ ಪೆಡಲು ತುಳಿಯೋದು ಬಿಟ್ಟು ಜಾರಿಸ್ತೀಯ. ಹಿಂದಿನ ಚಕ್ರ ಕಟಕಟಕಟ ಅನ್ನುತ್ತೆ. ಆ ಕಟಕಟ ಜೋರಾದಾಗಲೇ ಅದು ಎದ್ದು ಬೊಗಳೋದು. ಮೂವತ್ತು ವರ್ಷ ಕಿವೀಲೇ ಅನ್ನ ತಿಂದೋಳು ಕಣೇ ನಾನು. ನೀನು ಓಡ್ತೀಯ, ಅದು ಓಡಿಸುತ್ತೆ. ಇವತ್ತು ಓಡಬೇಡ. ಇಳಿದು ನಡಿ."

"ನಾನು ಸೈಕಲ್ಲಿಂದ ಇಳಿಯೋಳಲ್ಲ ಅಜ್ಜಿ."

"ನೀನು ಇಳಿಯದಿದ್ರೆ ನಾನು ಇಳೀಬೇಕು, ಕುರ್ಚೀಲಿ."

ಸೂಜಿಯಕ್ಕ ಅಜ್ಜಿಯ ಎಡಗೈಯ ಬೆನ್ನನ್ನು ಬಿಸಿ ಬಟ್ಟೆಯಿಂದ ಒತ್ತಿ, ಕಣ್ಣು ಮುಚ್ಚಿ, ಎಂದಿಗಿಂತ ತುಸು ಹೆಚ್ಚು ಹೊತ್ತು ಮುಚ್ಚಿಕೊಂಡೇ ಇದ್ದು, ಒಂದೇ ಚುಚ್ಚಿಗೆ ತೆಗೆದಳು.

ಕೆಳಗೆ ಬಂದು ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಲಿಲ್ಲ. ಸೆರಗು ಸುತ್ತಿ ಎದೆಗೆ ಬಿಗಿದುಕೊಂಡಳು. ಪಾಲಿಶಿನವನ ಅಂಗಳ ಎಡಕ್ಕಿತ್ತು. ಸೈಕಲ್ಲನ್ನು ಎಡಕ್ಕಿಟ್ಟುಕೊಂಡು ತಾನು ಬಲಕ್ಕೆ ನಿಂತಳು. ನಡೆಯತೊಡಗಿದಳು. ಅಪ್ಪ ಎಲ್ಲಿಂದಲೋ ನೋಡುತ್ತಿದ್ದಾನೆ ಎನ್ನಿಸಿತು.

ದೊರೆ ಬಂದ. ಅಭ್ಯಾಸಬಲದಿಂದ ಅರ್ಧ ಬೀದಿ ಓಡಿಯೇ ಬಂದ. ಅವಳು ನಿಂತಳು. ಕಿರುಚಲಿಲ್ಲ, ಕಾಲೆತ್ತಲಿಲ್ಲ, ಅದರ ಕಣ್ಣನ್ನೂ ನೋಡಲಿಲ್ಲ. ಸೈಕಲ್ಲಿನ ಸೀಟನ್ನೇ ನೋಡುತ್ತಾ ನಿಂತಳು. ಅವರಿಬ್ಬರ ನಡುವೆ ಎರಡು ಚಕ್ರ, ಒಂದು ಸರಪಳಿ. ನಾಯಿ ಈ ಕಡೆಯಿಂದ ಬಂದರೆ ಹ್ಯಾಂಡಲನ್ನು ಈ ಕಡೆಗೆ, ಆ ಕಡೆಯಿಂದ ಬಂದರೆ ಆ ಕಡೆಗೆ ತಿರುಗಿಸಿದಳು. ಬೊಗಳಿತು. ಬೊಗಳಿತು. ಆಮೇಲೆ ಏನೋ ಮರೆತವರಂತೆ ನಿಂತು, ಪೆಡಲನ್ನು ಮೂಸಿ, ಸೀನಿತು.

"ಮುಗೀತಾ?" ಎಂದಳು ಸೂಜಿಯಕ್ಕ, ಹಲ್ಲು ಕಚ್ಚಿ.

ಅವಳು ನಡೆದಳು. ಅದೂ ನಡೆಯಿತು. ಮದುವೆಯ ದಿಬ್ಬಣದ ಹಾಗೆ ಇಬ್ಬರೂ ಅಂಗಳದ ಮುಂದೆ ಹಾದುಹೋದರು.

"ನೋಡಿದ್ರಾ?" ಪಾಲಿಶಿನವನು ಒಳಗಿನಿಂದಲೇ ಕೂಗಿದ. "ಏನೂ ಮಾಡಲ್ಲ ಅಂತ ನಾನು ಅವತ್ತೇ ಹೇಳಲಿಲ್ವಾ?"

ಅವಳ ಬಾಯಿಗೆ ಬಂದ ಮಾತು ಎಂಥದಾಗಿತ್ತೆಂದರೆ, ದೇವರಿಗೆ ಕೇಳಿಸಬಾರದೆಂದು ಅದನ್ನು ನುಂಗಿದಳು. "ನನ್ನ ಛತ್ರಿ ಕೊಡ್ರೀ," ಎಂದಷ್ಟೇ ಹೇಳಿದಳು.

"ಛತ್ರಿನಾ? ಅದರ ಮೇಲೆ ಮಲಗಿದ್ರೇನೇ ಅವನಿಗೆ ನಿದ್ದೆ ಅಮ್ಮಾ."

ಚರಂಡಿ ಕಲ್ಲು ದಾಟಿ ಸೈಕಲ್ ಹತ್ತಿದಾಗ ಗಂಟೆ ನೋಡಿದಳು. ಲ್ಯಾಬು ಸೇರಿದಾಗ ಗಂಟೆ ತುಂಬಲು ಆರು ನಿಮಿಷ ಉಳಿದಿತ್ತು. ಸೋಡಾಗ್ಲಾಸು ಕೊಳವೆಯನ್ನು ಯಂತ್ರಕ್ಕಿಟ್ಟ. ಯಂತ್ರ ತಿರುಗುವ ಆ ಹತ್ತು ನಿಮಿಷ ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಅಕ್ಕಾ, ಈ ಕಡೆ ತಿರುಗಿ."

ಅವನು ದೀಪಕ್ಕೆ ಹಿಡಿದ ಕೊಳವೆಯಲ್ಲಿ ಮೇಲಿನ ನೀರು ಒಣ ಹುಲ್ಲಿನ ಬಣ್ಣಕ್ಕೆ ತಿಳಿಯಾಗಿ ನಿಂತಿತ್ತು.

"ಬಂಗಾರ!" ಎಂದ ಅವನು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಕೈ ಬಗ್ಗೆ ಕೇಳಬಾರದಿತ್ತು ನಾನು," ಎಂದ.

"ನಾಯಿ ಬಗ್ಗೆ ನಾನೂ ಮೊದಲೇ ಹೇಳಬೇಕಿತ್ತು."

"ಯಾವ ನಾಯಿ?"

ಅವಳು ಎಲ್ಲವನ್ನೂ ಹೇಳಿದಳು. ಅವನು ನಗಬಾರದೆಂದು ಬಹಳ ಪ್ರಯತ್ನಪಟ್ಟ.

ಸಂಜೆಯೇ ಮಾತ್ರೆ ಶುರುವಾಯಿತು. ಆಮೇಲೆ ವಾರಕ್ಕೊಮ್ಮೆ ರಕ್ತ ತೆಗೆಯುತ್ತಾ, ಮೂರನೇ ವಾರ ಹೋದಾಗ ಅಜ್ಜಿಯ ಪಾದದ ಮೂಳೆ ಕಾಣುವಷ್ಟು ಊತ ಇಳಿದಿತ್ತು. ದಿಂಬಿಗೆ ಒರಗದೆ ಕೂತು ಮಾತಾಡುತ್ತಿದ್ದರು.

"ಈಗ ಹೇಗೆ ನಿಮ್ಮಿಬ್ಬರದು?"

"ಹೇಗೇನು ಅಜ್ಜಿ? ನಡೆಯುವಾಗ ಸುಮ್ಮನಿರುತ್ತೆ. ಚರಂಡಿ ಕಲ್ಲಿಗಿಂತ ಒಂದಡಿ ಮುಂಚೆ ಪೆಡಲಿಗೆ ಕಾಲಿಟ್ಟರೆ ಗುರ್ ಅನ್ನುತ್ತೆ. ಅಲ್ಲೀವರೆಗೂ ಕಳಿಸಿಕೊಟ್ಟು, ನಾನು ಹತ್ತಿದೀನಾ ಅಂತ ನೋಡಿ, ಆಮೇಲೆ ಹಿಂದೆ ಹೋಗುತ್ತೆ. ಇದಕ್ಕಿಂತ ಕಚ್ಚಿದ್ರೇ ವಾಸಿಯಾಗಿತ್ತು! ಬೀದಿಯವರೆಲ್ಲ ಅದು ನನ್ನ ನಾಯಿ ಅಂದ್ಕೊಂಡಿದಾರೆ. ಮೊನ್ನೆ ಒಬ್ಬಾಕೆ ಬಂದು, ಸ್ವಲ್ಪ ಕಟ್ಟಿ ಹಾಕ್ಕೊಳಿ ಅಂತ ನನಗೇ ಬೈದು ಹೋದ್ಲು!"

ಅಜ್ಜಿ ನಗುವಾಗ ಏದುಸಿರು ಬರಲಿಲ್ಲ. ಅದನ್ನು ಗಮನಿಸಿದವಳು ಸೂಜಿಯಕ್ಕ ಒಬ್ಬಳೇ. ಅವಳು ಅವರ ಕೈ ಹಿಡಿದು ಕಣ್ಣು ಮುಚ್ಚಿದಳು.

"ಏನಂತಾನೆ?" ಎಂದರು ಅಜ್ಜಿ.

"ಸುಮ್ನಿರಿ, ಇನ್ನೂ ಮಾತು ಮುಗಿದಿಲ್ಲ," ಎಂದಳು ಸೂಜಿಯಕ್ಕ.

ಕೆಳಗೆ ಬಾಗಿಲಲ್ಲಿ, ಅವಳ ಸೈಕಲ್ಲಿಗೆ ಒರಗಿ, ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ ಮಾಡಿಕೊಂಡು ದೊರೆ ಕಾಯುತ್ತಾ ಕೂತಿದ್ದ.